ಚೂರಿನ ಮೇಜು

ಡಬ್ಬಿಯ ಮೇಲಿನ ತಾರೀಖಿನ ಅಂಕಿಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತವು. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಎಂಟು ಸೊನ್ನೆಯ ಹಾಗೆ ಕಂಡಿತು, ಸೊನ್ನೆ ಇದ್ದ ಕಡೆ ಏನೂ ಇಲ್ಲದ ಹಾಗೆ. ಗೋಡೆ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೈದು. ಫ್ಯಾನು ನೇರ ತಲೆಯ ಮೇಲೇ ತಿರುಗುತ್ತಿದ್ದರೂ ಕುತ್ತಿಗೆಯ ಹಿಂದೆ ಬೆವರು ತಣ್ಣಗೆ ಇಳಿಯುತ್ತಿತ್ತು. ತುಟಿಯ ಸುತ್ತ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು.

"ಏನಮ್ಮಾ, ಈ ಸಾಲು ಬಿಡಲಾ?" ಡಬ್ಬಿಗಳು ಸಾಗುವ ಪಟ್ಟಿಯ ಆ ತುದಿಯಿಂದ ಸೂಪರ್‌ವೈಸರ್ ಕೇಳಿದ.

"ಬಿಡೋದಾದ್ರೆ ಬಿಡಿ, ಇಲ್ದಿದ್ರೆ ತಲೆ ಮೇಲೆ ಹೊತ್ಕೊಂಡು ಕುಣೀರಿ."

ಲೇಬಲ್ ಅಂಟಿಸುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. "ಹನ್ನೊಂದೂವರೆ ಆಯ್ತು ಅನ್ಸುತ್ತೆ. ಕುಕ್ಕರ್ ಕೂಗ್ತು."

ಕುಕ್ಕರ್ ಎಂಬ ಆ ಹೆಸರು ಅವಳಿಗೆ ಬಿದ್ದು ಎರಡು ತಿಂಗಳಾಗಿತ್ತು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವಳು ಇದೇ ಬಿಸ್ಕತ್ತು ಕಾರ್ಖಾನೆಯ ಕೆಳಗಿನ ಅಂತಸ್ತಿನಲ್ಲಿ, ಒಲೆಯಿಂದ ಬರುವ ಪಟ್ಟಿಯ ಪಕ್ಕ ನಿಂತು ಒಡೆದದ್ದನ್ನು ಆರಿಸಿ ತೆಗೆಯುತ್ತಿದ್ದಳು. ಅದಕ್ಕೆ ಚೂರಿನ ಮೇಜು ಅಂತಲೇ ಹೆಸರು. ಕಣ್ಣು ಚುರುಕು, ಕೈ ಚುರುಕು, ತಾನಾಯಿತು ತನ್ನ ಪಾಡಾಯಿತು ಅನ್ನುವವಳು ಎಂದು ಹೇಳಿ, ಡಬ್ಬಿಗಳ ಮೇಲೆ ಬಿದ್ದ ತಾರೀಖು ಪರೀಕ್ಷಿಸುವ ಕೆಲಸಕ್ಕೆ ಮೇಲೆ ಕಳಿಸಿದ್ದರು. ಕೂತು ಮಾಡುವ ಕೆಲಸ. ಮನೆಯಲ್ಲಿ ಎಲ್ಲರೂ ಖುಷಿಪಟ್ಟರು. ಎರಡು ತಿಂಗಳಲ್ಲಿ ಆ ಚುರುಕು ಕಣ್ಣು ಎರಡು ಸಲ ತಪ್ಪು ತಾರೀಖಿನ ಸಾಲುಗಳನ್ನು ಹಾಗೇ ಬಿಟ್ಟಿತ್ತು, ತನ್ನ ಪಾಡಿಗಿದ್ದ ನಾಲಿಗೆ ಯಾರನ್ನೂ ಬಿಟ್ಟಿರಲಿಲ್ಲ.

ಊಟ ಮಾಡಿದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಕೈ ನಡುಕ ನಿಂತು, ಅಂಕಿಗಳು ಕೆಳಗಿಳಿದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಅದಕ್ಕೇ ಅವಳಿಗೆ ಇದು ಕಾಯಿಲೆ ಅನ್ನಿಸಿರಲಿಲ್ಲ. ವಯಸ್ಸು, ನಿದ್ದೆಗೇಡು, ಬೆಳಗ್ಗೆ ಐದಕ್ಕೆ ಎದ್ದು ಮೂವರ ಡಬ್ಬಿ ಕಟ್ಟಿ, ತಾನು ಮಾತ್ರ ಒಂದು ಲೋಟ ನೀರು ಕುಡಿದು ಬಸ್ಸಿನ ಹಿಂದೆ ಓಡುವ ಸುಸ್ತು. ಸುಸ್ತಿಗೆ ಹೆಸರಿಟ್ಟು ಕೂತರೆ ಸಂಸಾರ ನಡೆಯುತ್ತದೆಯೇ?

ಅವಳನ್ನು ನಿಜವಾಗಿ ಹೆದರಿಸಿದ್ದು ಆ ಭಾನುವಾರ.

ಹತ್ತೂವರೆಯವರೆಗೂ ಬಟ್ಟೆ ಒಗೆದು, ನೆಲ ಒರೆಸಲು ಬಗ್ಗಿದ್ದಳು. ಒಂಬತ್ತನೇ ತರಗತಿಯ ಮಗಳು ಸಮವಸ್ತ್ರದ ಕಿತ್ತುಹೋದ ಗುಂಡಿ ಹಿಡಿದು ಬಂದಿದ್ದಳು. ಅಷ್ಟು ನೆನಪಿದೆ. ಆಮೇಲೆ ನೆನಪಿರುವುದು ಗಂಡ ಕೈಗೆ ಕೊಟ್ಟ ಸಕ್ಕರೆ ಜಾಸ್ತಿಯಾದ ಚಹಾ, ಮತ್ತು ತಾನು ಮಗಳನ್ನು "ಯಾಕೇ, ಮುಖ ಊದಿಸ್ಕೊಂಡು ಕೂತಿದೀಯ?" ಎಂದು ಕೇಳಿದ್ದು. ಹುಡುಗಿ ಎದ್ದು ಹೊರಗೆ ಹೋಗಿತ್ತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಮೂರನೆಯ ದಿನ ಶೂ ಲೇಸು ಕಟ್ಟುತ್ತ, ತಲೆ ಎತ್ತದೆ ಹೇಳಿದ್ದ. "ಭಾನುವಾರ ನೀನು ಅವಳಿಗೆ, ನಿನ್ನ ಹೆತ್ತ ದಿನದಿಂದ ನನಗೆ ನೆಮ್ಮದಿ ಇಲ್ಲ, ನೀನು ಹುಟ್ದೇ ಇದ್ದಿದ್ರೆ ನಾನು ಮನುಷ್ಯರ ಹಾಗೆ ಬದುಕಿರ್ತಿದ್ದೆ ಅಂದೆ."

"ನಾನಾ?"

"ಇನ್ಯಾರು ಅಂತಾರೆ. ಎರಡು ಸಲ ಅಂದೆ."

ಅಂದಿನಿಂದ ಮಗಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಜಗಳವಿಲ್ಲ, ಹಟವಿಲ್ಲ. ಗುಂಡಿಯನ್ನು ತಾನೇ ಹೊಲಿದುಕೊಂಡಿದ್ದಳು, ಬೇರೆ ಬಣ್ಣದ ದಾರದಲ್ಲಿ. ಒಗೆಯುವಾಗೆಲ್ಲ ಆ ದಾರ ಕಣ್ಣಿಗೆ ಬೀಳುತ್ತಿತ್ತು. ನಾನು ಅನ್ನಲೇ ಇಲ್ಲ ಎಂದು ಹೇಳೋಣವೆಂದರೆ ಕೇಳಿಸಿಕೊಂಡವರು ಇಬ್ಬರು. ಬೇಕೆಂದು ಅನ್ನಲಿಲ್ಲ ಎಂದು ಹೇಳೋಣವೆಂದರೆ, ಬಾಯಿಗೆ ಬಂದದ್ದು ಎಲ್ಲಿಂದಲೋ ಬಂದಿರಬೇಕಲ್ಲ. ಸುಸ್ತಾದ ದಿನ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಅಂಥದ್ದೇನಾದರೂ ತನ್ನ ಒಳಗೆ ಹಾದುಹೋಗಿತ್ತೇ ಎಂದು ಅವಳು ಹುಡುಕುತ್ತಿದ್ದಳು. ಇಲ್ಲ ಅನ್ನುವ ಧೈರ್ಯ ಬರುತ್ತಿರಲಿಲ್ಲ.

ಒಮ್ಮೆ ಅರ್ಧ ದಿನ ರಜೆ ಹಾಕಿ ಮನೆ ಹತ್ತಿರದ ಕ್ಲಿನಿಕ್ಕಿಗೂ ಹೋಗಿ ಬಂದಳು. ಬೆವರು, ನಡುಕ, ಸಿಟ್ಟು ಎಲ್ಲ ಹೇಳಿದಳು. ರಕ್ತ ತೆಗೆದರು. ಎಲ್ಲ ಸರಿಯಾಗಿದೆ, ಟೆನ್ಷನ್ ಮಾಡ್ಕೋಬೇಡಿ, ಚೆನ್ನಾಗಿ ನಿದ್ದೆ ಮಾಡಿ ಅಂದರು. ಎಲ್ಲ ಸರಿ ಇದೆ ಎಂದು ಕೇಳಿ ಅಳು ಬಂದದ್ದು ಅವಳಿಗೆ ಅದೇ ಮೊದಲು. ಎಲ್ಲ ಸರಿ ಇದ್ದರೆ ಆ ಮಾತು ಅವಳದೇ.

ತಾರೀಖಿನ ಅಂಕಿಗಳು ಹೆಗಲೇರಿ ಕೂತ ಆ ದಿನ, ಕೈ ನಡುಗುತ್ತಿದ್ದುದರಿಂದ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಊಟದ ಶೆಡ್ಡಿನಲ್ಲಿ ಕೂತಿದ್ದಳು. ಚೂರಿನ ಮೇಜಿನ ದೊಡ್ಡಕ್ಕ ಬಂದು ಎದುರು ಕೂತು, ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದುಕೊಟ್ಟಳು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜಿನಲ್ಲಿದ್ದ ದೊಡ್ಡಕ್ಕನಿಗೆ ಕಾರ್ಖಾನೆಯ ಎಲ್ಲರ ಸಂಸಾರವೂ ಬಾಯಿಪಾಠ.

"ಮೇಲೆ ಹೋಗಿ ಕುಕ್ಕರ್ ಆದ್ಯಂತೆ."

"ನೀವೂ ಶುರು ಮಾಡ್ಬೇಡಿ ಅಕ್ಕಾ."

"ನಮ್ಮ ಜೊತೆ ಹನ್ನೊಂದು ವರ್ಷ ನಿಂತಿದ್ದೆ. ಒಂದು ದಿನ ಯಾರಿಗಾದ್ರೂ ಎದುರು ಮಾತಾಡಿದ್ದಾ?" ದೊಡ್ಡಕ್ಕ ಅವಳು ಗಬಗಬ ತಿನ್ನುವುದನ್ನೇ ನೋಡುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ. ನಡುಕ ನಿಂತಿತು. ದೊಡ್ಡಕ್ಕ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. "ಈಗ ಸರಿ ಹೋಯ್ತಲ್ಲೇ."

"ಊಟ ಆದ್ಮೇಲೆ ಸರಿ ಹೋಗುತ್ತೆ."

"ಮೇಲೆ ತಿನ್ನೋಕೇನು ಸಿಗುತ್ತೆ?"

"ಏನ್ ಸಿಗುತ್ತೆ? ರಟ್ಟು, ಅಂಟು."

"ಅದೇ ನೋಡು. ಕೆಳಗೆ ನಿನ್ನ ದವಡೆ ನಿಂತಿದ್ದನ್ನ ನಾನು ನೋಡೇ ಇಲ್ಲ. ಚೂರು ಎಲ್ಲರೂ ಬಾಯಿಗೆ ಹಾಕ್ಕೋತಾರೆ, ವಾರ ಕಳೆದ್ರೆ ವಾಕರಿಕೆ ಬಂದು ಬಿಡ್ತಾರೆ. ನೀನೊಬ್ಳೇ ಹನ್ನೊಂದು ವರ್ಷ ಇಲಿ ಹಾಗೆ ಕಟಕಟ ಅನ್ನಿಸ್ತಿದ್ದೆ. ಇವಳ ಹೊಟ್ಟೇಲಿ ಇನ್ನೊಂದು ಪಟ್ಟಿ ಓಡುತ್ತೆ ಅಂತ ನಾವೆಲ್ಲ ನಗ್ತಿದ್ವಿ."

ಅವಳು ತುತ್ತು ಕೈಯಲ್ಲೇ ಹಿಡಿದು ಕೂತಳು. ತಿನ್ನುತ್ತಿದ್ದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಉಸಿರಾಡಿದ್ದನ್ನು ಯಾರು ಲೆಕ್ಕ ಇಡುತ್ತಾರೆ?

"ಡಾಕ್ಟರು ಎಲ್ಲ ಸರಿ ಇದೆ ಅಂದ್ರು," ಅಂದಳು.

"ಹೋಗುವಾಗ ಏನಾದ್ರೂ ತಿಂದ್ಕೊಂಡು ಹೋಗಿದ್ಯಾ?"

ಬಸ್‌ಸ್ಟಾಪಿನಲ್ಲಿ ತಲೆ ತಿರುಗಿ, ಚೀಲದ ತಳದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿದ್ದು ಅವಳಿಗೆ ಆಗ ನೆನಪಾಯಿತು.

"ಕಳ್ಳನಿಗೆ ಊಟ ಹಾಕಿ ಕಳಿಸಿ, ಆಮೇಲೆ ಪೊಲೀಸರನ್ನ ಕರೆದ ಹಾಗಾಯ್ತು," ದೊಡ್ಡಕ್ಕ ಡಬ್ಬಿ ಮುಚ್ಚುತ್ತ ಅಂದಳು. "ದೊಡ್ಡಾಸ್ಪತ್ರೆಗೆ ಹೋಗು. ಈ ತಿನ್ನೋ ವಿಷಯಾನೂ ಹೇಳು. ನಾಚ್ಕೋಬೇಡ."

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಇವಳಷ್ಟೇ ಕಪ್ಪು. ಚೂರಿನ ಮೇಜಿನ ಕಥೆ ಬಂದಾಗ ಬರೆಯುವುದನ್ನು ನಿಲ್ಲಿಸಿದಳು.

"ಹನ್ನೊಂದು ವರ್ಷಾನೂ ತಿಂತಿದ್ರಾ?"

"ಜಾಸ್ತಿ ಆಗಿದ್ದು ಕೆಳಗಿದ್ದ ಕೊನೇ ಒಂದೆರಡು ವರ್ಷದಲ್ಲಿ ಇರಬೇಕು. ಮೈಯೂ ಬಂತು."

"ಇದು ಮೇಲೆ ಹೋದ್ಮೇಲೆ ಶುರುವಾಗಿದ್ದೋ, ಮುಂಚೆನೇ ಇದ್ದು ಬಿಸ್ಕತ್ತು ಮುಚ್ಚಿಟ್ಟಿತ್ತೋ ಹೇಳೋಕಾಗಲ್ಲ. ನೀವು ಹೇಳೋದೆಲ್ಲ ರಕ್ತದಲ್ಲಿ ಸಕ್ಕರೆ ಇಳಿಯೋ ಲಕ್ಷಣ. ಆದ್ರೆ ಬೇರೆ ಏನೋ ಕೂಡ ಆಗಿರಬಹುದು. ಅದು ಬಂದಾಗಲೇ ರಕ್ತ ತೆಗೀಬೇಕು, ಸಕ್ಕರೆ ಬಾಯಿಗೆ ಹಾಕೋ ಮುಂಚೆ. ರಾತ್ರಿ ಊಟ ಮಾಡಿ ಬೆಳಗ್ಗೆ ಬಂದು ಇಲ್ಲಿ ಮಲಗಿ, ಬರೀ ನೀರು. ಮನೇಲಿ ಮಾತ್ರ ಹೀಗೆ ಹಸಿದುಕೊಂಡು ನೋಡ್ಬೇಡಿ. ಜೊತೆಗೆ ಒಬ್ಬರು ಇರಲಿ."

ಗಂಡನಿಗೆ ರಜೆ ಸಿಗಲಿಲ್ಲ. ಪರೀಕ್ಷೆ ಮುಗಿದಿದ್ದ ಮಗಳು ಬಂದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಹಿಂದಿನದರಲ್ಲಿ ಕೂತಳು.

ಆರು ಹಾಸಿಗೆಯ ವಾರ್ಡು. ಸಿಸ್ಟರ್ ಅವಳ ಕೈಗೆ ಸೂಜಿ ಕೂರಿಸಿ, ಪಕ್ಕದ ಮೇಜಿನ ಮೇಲೆ ಟ್ಯೂಬುಗಳು, ಬೆರಳು ಚುಚ್ಚುವ ಮೆಷಿನ್ನು, ಒಂದು ತಟ್ಟೆಯಲ್ಲಿ ಹತ್ತಿಯ ಉಂಡೆಗಳನ್ನು ಇಟ್ಟಳು. ಮಗಳಿಗೆ ಹೇಳಿದಳು: "ನಾನು ಆಗಾಗ ಬಂದು ನೋಡ್ತಿರ್ತೀನಿ. ನಡುವೆ ಅಮ್ಮ ತೊದಲಿದ್ರೆ, ಮಂಕಾದ್ರೆ, ನನ್ನನ್ನ ಕೂಗು."

"ಬೈದ್ರೆ?"

"ಯಾರನ್ನ, ನನ್ನನ್ನಾ?" ಸಿಸ್ಟರ್ ನಕ್ಕಳು.

"ಯಾರನ್ನಾದ್ರೂ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಎದುರು ಕಟ್ಟಡದ ಮಾಳಿಗೆಯಲ್ಲಿ ಆಸ್ಪತ್ರೆಯ ಹಸಿರು ಬಟ್ಟೆಗಳು ಒಣಗುತ್ತಿದ್ದವು. ಒಂಬತ್ತಾಯಿತು, ಹತ್ತಾಯಿತು. ಏನೂ ಆಗಲಿಲ್ಲ. ಇವತ್ತು ಬರದೇ ಹೋದರೆ ಎಂಬ ಹೆದರಿಕೆ ಹತ್ತಿತು. ಬರಲಿ, ಬಂದುಬಿಡಲಿ ಎಂದು ಅವಳು ಕಾದಳು, ತಡವಾದ ಬಸ್ಸಿಗೆ ಕಾಯುವವರ ಹಾಗೆ. ಅವಳಿಗೆ ಬೇಕಿದ್ದದ್ದು ಒಂದು ಕಾಗದ. ಆ ಭಾನುವಾರ ಮಾತಾಡಿದ್ದು ಇವಳಲ್ಲ ಎಂದು ಬರೆದು, ಸೀಲು ಒತ್ತಿದ ಕಾಗದ. ಅದನ್ನು ಮಗಳ ಪುಸ್ತಕದ ನಡುವೆ ಇಟ್ಟುಬಿಟ್ಟರೆ ಸಾಕಿತ್ತು, ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ.

ಹನ್ನೊಂದಕ್ಕೆ ಮಗಳು ಪುಸ್ತಕದ ಹಾಳೆ ತಿರುವಿದ್ದು ಕೇಳಿಸಿತು. ಬಟ್ಟೆಗಳು ಗಾಳಿಗೆ ಒಂದರ ಮೇಲೊಂದು ಹತ್ತಿ ಕೂತವು.

ಆಮೇಲೆ ಬಾಯಲ್ಲಿ ಸಿಹಿ. ಕೈಯ ನರದಲ್ಲಿ ಏನೋ ತಣ್ಣಗೆ ಏರುತ್ತಿತ್ತು. ಛಾವಣಿಯ ಬಿರುಕು ಕಂಡಿತು, ಆಮೇಲೆ ಸಿಸ್ಟರ್ ಮುಖ.

"ಹೆಸರು ಹೇಳಿ?"

ಹೇಳಿದಳು.

"ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಟ್ಯೂಬೆಲ್ಲ ತುಂಬಿಸ್ಕೊಂಡು ಲ್ಯಾಬಿಗೆ ಕಳಿಸಿದ್ವಿ. ನಿಮ್ಮ ಮಗಳು ಜಾಣೆ. ನಾನು ಬಂದು ನೋಡಿದಾಗ ನೀವು ಸರಿಯಾಗೇ ಕಾಣ್ತಿದ್ರಿ. ಇನ್ನು ಹತ್ತು ನಿಮಿಷಕ್ಕೆ ಬರುತ್ತೆ, ಎಲ್ಲೂ ಹೋಗ್ಬೇಡಿ ಸಿಸ್ಟರ್ ಅಂದ್ಳು. ಗಡಿಯಾರ ನೋಡಿ ಹೇಳಿದ ಹಾಗೆ ಬಂತು."

ಅವಳು ಮಗಳ ಕಡೆ ನೋಡಿದಳು. "ನಿನಗೆ ಹೇಗೆ ಗೊತ್ತಾಯ್ತು?"

"ಹೆಬ್ಬೆರಳು." ಮಗಳು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸಿದಳು, ಪುಡಿ ಉದುರಿಸುವ ಹಾಗೆ. "ಮೊದಲು ಹೀಗೆ ಮಾಡ್ತೀಯ. ಆಮೇಲೆ ಹತ್ತು ನಿಮಿಷ. ನಾನು ಅಷ್ಟರಲ್ಲಿ ಮನೆಯಿಂದ ಹೊರಗೆ ಹೋಗ್ಬಿಡ್ತೀನಿ." ಪುಸ್ತಕದ ಮೂಲೆ ಮಡಚುತ್ತ ಅಂದಳು, "ಆ ಭಾನುವಾರ ನೋಡ್ಲಿಲ್ಲ. ನಿನ್ನ ಕೈಯಲ್ಲಿ ನೆಲ ಒರೆಸೋ ಬಟ್ಟೆ ಇತ್ತು."

ಡಾಕ್ಟರು ಬಂದು ಚೀಟಿ ನೋಡಿದಳು. ಸಕ್ಕರೆ ಇಳಿಯುವುದಂತೂ ಖಚಿತ, ಯಾಕೆ ಇಳಿಯುತ್ತದೆ ಅನ್ನುವುದು ಇನ್ನು ಗೊತ್ತಾಗಬೇಕು ಅಂದಳು. ಲ್ಯಾಬಿನ ಉತ್ತರಕ್ಕೆ ಒಂದು ವಾರ, ಆಮೇಲೆ ಹೊಟ್ಟೆಯ ಸ್ಕ್ಯಾನು. ಅಲ್ಲಿಯವರೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆ ಬಿಡಬಾರದು, ಎರಡು ಮೂರು ಗಂಟೆಗೊಮ್ಮೆ ತಿನ್ನಬೇಕು, ಜೇಬಿನಲ್ಲಿ ಸಕ್ಕರೆ ಇರಬೇಕು. ಕಾರ್ಖಾನೆಗೆ ಪತ್ರ ಬರೆದುಕೊಡುತ್ತೇನೆ ಎಂದೂ ಹೇಳಿದಳು.

"ಡಾಕ್ಟ್ರೇ," ಅವಳ ದನಿ ಇಳಿಯಿತು, "ಆ ಹೊತ್ತಲ್ಲಿ ಆಡಿದ ಮಾತು, ಅದು ನಮ್ಮದಲ್ಲ ಅಂತಲೂ ಬರೀತೀರಾ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಮಗಳನ್ನೂ ಒಮ್ಮೆ ನೋಡಿದಳು. "ಮಿದುಳಿಗೆ ಸಕ್ಕರೆ ಸಾಲದಿದ್ರೆ ಮಾತು ಹಿಡಿತ ತಪ್ಪುತ್ತೆ. ಅಷ್ಟು ಬರೀಬಹುದು. ಯಾರ ಮಾತು ಅನ್ನೋದಕ್ಕೆ ನಮ್ಮ ಹತ್ತಿರ ಟ್ಯೂಬ್ ಇಲ್ಲಮ್ಮ."

ಡಾಕ್ಟರು ಮುಂದಿನ ಹಾಸಿಗೆಗೆ ಹೋದಳು. ದೂರದ ಹಾಸಿಗೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಹೊದಿಕೆ ಸರಿಮಾಡಿಕೊಳ್ಳಲು ಹೋದಾಗ ಮೊಣಕಾಲ ಹತ್ತಿರ ಹತ್ತಿಯ ಉಂಡೆಗಳು ಕಂಡವು. ಎರಡು ಗುಂಪು. ಒಂದರಲ್ಲಿ ದುಂಡಗೆ ಸಾಲಾಗಿ ಜೋಡಿಸಿದವು, ಇನ್ನೊಂದರಲ್ಲಿ ಹರಿದು ಚದುರಿದವು.

"ಯಾರು ಮಾಡಿದ್ದು?"

"ನೀನೇ. ತಟ್ಟೆ ಎಳ್ಕೊಂಡು ಆರಿಸ್ತಾ ಕೂತೆ. ಸಿಸ್ಟರ್ ಕೈ ಹಿಡಿಯೋಕೆ ಬಂದ್ರೆ, ಪಟ್ಟಿ ಓಡ್ತಿದೆ ಕಾಣಲ್ವಾ ಅಂತ ಗದರಿದೆ."

"ನಿನಗೆ ಏನಂದೆ?"

ಮಗಳು ತನ್ನ ಕೈಯ ಕಡೆ ನೋಡಿದಳು. ಅವಳ ಎಡಗೈ ಮುಚ್ಚಿತ್ತು. ಬೆರಳ ಸಂದಿಯಲ್ಲಿ ಹತ್ತಿಯ ಬಿಳಿ ಎಳೆಯೊಂದು ಇಣುಕುತ್ತಿತ್ತು.

ತಿಂಗಳಿಗೊಮ್ಮೆ ಕಾರ್ಖಾನೆಯವರು ಕೊಡುತ್ತಿದ್ದ ಚೂರಿನ ಚೀಲ ನೆನಪಾಯಿತು. ಅದನ್ನು ನೆಲದ ಮೇಲೆ ಸುರಿದುಕೊಂಡು, ಆಗ ನಾಲ್ಕು ವರ್ಷದ ಈ ಹುಡುಗಿ ಕೇಳುತ್ತಿತ್ತು, ನಮಗೆ ಯಾಕಮ್ಮ ಇಡೀದು ಸಿಗಲ್ಲ? ಇಡೀದು ಊರಿಗೆ, ಒಡೆದದ್ದು ನಮಗೆ, ಎಂದು ಅವಳು ಹೇಳುತ್ತಿದ್ದಳು. ಬರಬರುತ್ತ ಅದು ಮನೆಯ ಮಾತಾಗಿತ್ತು. ಅಂಗಡಿಯಿಂದ ಇಡೀ ಬಿಸ್ಕತ್ತು ತಂದರೂ ಹುಡುಗಿ ಮುರಿದುಕೊಂಡೇ ತಿನ್ನುತ್ತಿತ್ತು.

"ಕೈಲೇನು?" ಕೇಳಿದಳು.

"ನೀನು ಕೊಟ್ಟಿದ್ದು."

"ಯಾವುದು?"

"ಒಡೆದದ್ದು," ಅಂದಳು ಮಗಳು. "ಇನ್ಯಾವುದು ಕೊಡ್ತೀಯ?"

ಸಿಸ್ಟರ್ ಬಂದು ಹಾಸಿಗೆ ಮೇಲಿನ ಹತ್ತಿಯನ್ನೆಲ್ಲ ಬಾಚಿ ತಟ್ಟೆಗೆ ಹಾಕಿಕೊಂಡಳು. ಮಗಳ ಕಡೆಗೂ ತಟ್ಟೆ ಚಾಚಿದಳು. ಮಗಳು ಕೈ ಬಿಚ್ಚಲಿಲ್ಲ. ಕುರ್ಚಿಯನ್ನು ಹಾಸಿಗೆಗೆ ತಾಗುವಂತೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಪುಸ್ತಕ ತೆರೆದಳು.