ಬಾಗಿಲಿಗೆ ಬಂದ ಕುರಿ

“ನಿನ್ನ ಬಾಯಿ ನಾನಿದ್ದೀನಲ್ಲಲೇ, ಬೋಸಡಿಕೆ. ನೀ ಸುಮ್ಮನ ಚಾ ಹಂಚು.”

ಬಹರಾಮಂದ್ ಖಾನ್ ಹಾಗೆಂದಾಗ ಹಿರಿಯರ ಪಂಚಾಯ್ತಿಯಾದ ಜಿರ್ಗಾಕ್ಕೆಂದು ಸುತ್ತುಗಟ್ಟಿ ಕೂತಿದ್ದ ಬಿಳಿಗಡ್ಡದ ಹಿರಿಯರಲ್ಲಿ ಯಾರೂ ತಲೆಯೆತ್ತಲಿಲ್ಲ. ಕ್ಷೌರದ ಮೀರ್‌ದಾದ್ ಕೆಟಲ್ ಹಿಡಿದು ಮುಂದಿನ ಬಟ್ಟಲಿಗೆ ಬಗ್ಗಿದ. ವಿಚಾರಣೆ ನಡೆಯುತ್ತಿದ್ದದ್ದು ಅವನ ಮಗನ ಕೊಲೆಯದು. ಮನೆಮನೆಗೆ ಹೋಗಿ ಹಿರಿಯರನ್ನು ಕರೆದು ಬಂದವನೂ ಅವನೇ. ಅದು ಅವನ ಮನೆತನದ ಚಾಕರಿ. ಆದರೆ ನೆಲವಿಲ್ಲದವನಿಗೆ ಆ ಸುತ್ತಿನಲ್ಲಿ ಜಾಗವಿಲ್ಲ. ಖಾನನ ನೆಲದಲ್ಲಿ ಗುಡಿಸಲು ಹಾಕಿಕೊಂಡವನ ಪರವಾಗಿ ಖಾನನೇ ಮಾತಾಡಬೇಕು. ಕೊಂದವನು ದಿಲಾವರ್, ಖಾನನ ತಮ್ಮನ ಮಗ. ಅವನ ಪರವಾಗಿಯೂ ಖಾನನೇ ಮಾತಾಡಿದ.

ಆದದ್ದಿಷ್ಟೇ. ದಿಲಾವರ್ ಗಡ್ಡ ಹೆರೆಸಿಕೊಳ್ಳಲು ಬಂದಿದ್ದ. ಮೀರ್‌ದಾದ್‌ನ ಮಗ ಸಬಾವೂನ್‌ನ ಬೆರಳಿಗೆ ಗಾಯವಾಗಿತ್ತು. ನಾಳೆ ಮಾಡುತ್ತೇನೆ ಅಂದ. ನನಗೇ ನಾಳೆ ಅಂತೀಯಾ ಎಂದು ದಿಲಾವರ್ ಹೆಗಲಿನ ಬಂದೂಕು ಇಳಿಸಿದ.

ಚಹಾ ಆರುವುದರೊಳಗೆ ತೀರ್ಪಾಯಿತು. ದಿಲಾವರ್ ಕುರಿ ಹಿಡಿದು ಮೀರ್‌ದಾದ್‌ನ ಹೊಸ್ತಿಲಿಗೆ ಹೋಗಿ ಶರಣಾಗುವುದು. ಶರಣು ಬಂದವನನ್ನು ಪಖ್ತೂನನಾದವನು ತಿರುಗಿಸಿ ಕಳಿಸುವಂತಿಲ್ಲ. ಮಾಫಿ, ದುವಾ, ಆಮೇಲೆ ಊಟ.

“ಹಜಾಮನ ಬಾಗಲಕ್ಕ ಖಾನರ ಕುರಿ,” ಅಂದ ಒಬ್ಬ ಮುದುಕ. “ನಿನ್ನ ಏಳು ತಲಿಮಾರು ಇಂಥಾದ್ದು ಕಂಡಿದ್ವೇನಲೇ?”

ದಿಲಾವರ್ ಹೊಸ್ತಿಲ ಮುಂದೆ ಕುರಿ ಕೆಡವಿ ಕತ್ತು ಕೊಯ್ದ. ಚಾಕುವನ್ನು ಅದರ ಉಣ್ಣೆಗೇ ಒರೆಸಿಕೊಂಡ. ಮಾಫಿಯಾಯಿತು ಎಂದು ಖಾನ್ ಸಾರಿದ. ಮುಲ್ಲಾ ಕೈಯೆತ್ತಿ ದುವಾ ಓದಿದ. ಸುಲಿದು ಬೇಗ ಅಡುಗೆ ಮಾಡೆಂದು ಹೇಳಿ ಎಲ್ಲರೂ ಚಾವಡಿಗೆ ನಡೆದರು. ಊರಿನ ದೊಡ್ಡೂಟಕ್ಕೆಲ್ಲ ಒಲೆ ಹೂಡುವವನು ಮೀರ್‌ದಾದನೇ.

ಹೆಂಡತಿ ತೋರ್ಪೇಕಯ್ ಒಳಗಿನಿಂದ, “ಸುಲೀತಿಯೇನು?” ಎಂದು ಕೇಳಿದಳು. ಗೊತ್ತಿಲ್ಲ ಅಂದ. ಕೈಗಳನ್ನು ನೋಡಿಕೊಂಡ, ಬೇರೆ ಯಾರವೋ ಅನ್ನಿಸಿತು. ಕುರಿಗೆ ನೊಣ ಮುತ್ತಿದವು. ಓಡಿಸಲಿಲ್ಲ.

ಬಿಸಿಲು ಇಳಿಯಿತು. ಹಸಿದ ಹಿರಿಯರು ತಾವೇ ಎದ್ದು ಬಂದರು. ಒಲೆಯಲ್ಲಿ ಬೆಂಕಿಯಿರಲಿಲ್ಲ.

“ಮೀರ್‌ದಾದಾ, ಜಿರ್ಗಾದ ಮಾತು ಮುರದವರ ಮನಿ ಸುಡತಾರ,” ಅಂದ ಮುಲ್ಲಾ, ಮೆತ್ತಗೆ. “ನಿನಗ ಗೊತ್ತಿಲ್ಲದ್ದಲ್ಲ.”

ಗೊತ್ತಿತ್ತು. ಹಾಗೆ ಮನೆ ಸುಟ್ಟಾಗಲೆಲ್ಲ ದೊಂದಿ ಹಿಡಿದು ಮುಂದೆ ಹೋಗುತ್ತಿದ್ದವನು ತಾನೇ.

“ಮಾಫಿ ಕೊಟ್ಟವರು ಖಾನರು,” ಅಂದ ಮೀರ್‌ದಾದ್. ದನಿ ಏರಲಿಲ್ಲ. “ಕುರಿ ಅವರ ಬಾಗಲಕ್ಕ ಹೋಗಲಿ.”

“ಹಲ್ಕಾ ನನ್ಮಗನ, ಏನಂದಿ?” ಎಂದ ಖಾನ್.

ಮೀರ್‌ದಾದ್ ಬಗ್ಗಿದ. ಕುರಿಯ ಹಿಂಗಾಲು ಹಿಡಿದು ಎಳೆಯತೊಡಗಿದ. ಸೆಟೆದ ಹೆಣ ಕಲ್ಲುದಾರಿಯಲ್ಲಿ ಸರಿಯದು. ಆಗ ತೋರ್ಪೇಕಯ್ ಹೊರಗೆ ಬಂದಳು. ಅಷ್ಟು ಗಂಡಸರ ನಡುವೆ, ಮುಖ ಮುಚ್ಚಿಕೊಳ್ಳದೆ ಹಾದುಹೋಗಿ, ಇನ್ನೊಂದು ಕಾಲು ಹಿಡಿದಳು.

ದೊಂದಿ ತರುವವರು ಯಾರೆಂದು ಹಿಂದಿನಿಂದ ಯಾರೋ ಕೇಳಿದರು. ಸ್ವಲ್ಪ ಹೊತ್ತಿಗೆ ಗುಡಿಸಲಿನ ಕಡೆಯಿಂದ ಸೀಮೆಎಣ್ಣೆಯ ವಾಸನೆ ಬಂತು. ಇಬ್ಬರೂ ತಿರುಗಿ ನೋಡಲಿಲ್ಲ. ಖಾನನ ಹೆಬ್ಬಾಗಿಲು ಇನ್ನೂ ದೂರವಿತ್ತು.