ಸಭಾಂಗಣದ ಮೋಲ್ಡ್ ಹಾಕಿದ ದಿನ

"ಎಲ್ಲ ಸರಿ ಇದೆಯಣ್ಣ," ಎಂದ ಕುಳ್ಳ ಫೋನಿನಲ್ಲಿ. "ನೀವು ಅಲ್ಲಿದ್ದು ಮುಗಿಸ್ಕೊಂಡೇ ಬನ್ನಿ. ಅವಸರ ಏನಿಲ್ಲ."

ಗುತ್ತಿಗೆದಾರ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕುಳ್ಳನ ಮಾತಿನ ಹಿಂದೆ ಏನೋ ಕೇಳಬೇಕಿತ್ತು, ಕೇಳುತ್ತಿರಲಿಲ್ಲ. ಅದೇನೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಕಾಂಕ್ರೀಟ್ ಕಲಸುವ ಮಿಕ್ಸರಿನ ಸದ್ದು. ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಏಳಕ್ಕೆ ಶುರುವಾದ ಮಿಕ್ಸರ್, ಚಾವಣಿಯ ಕೊನೆಯ ಮೂಲೆ ತುಂಬುವವರೆಗೆ ನಿಲ್ಲುವಂತಿಲ್ಲ. ಆಳುಗಳು ಸರದಿಯ ಮೇಲೆ ಉಣ್ಣುತ್ತಾರೆ, ಮಿಕ್ಸರ್ ತಿರುಗುತ್ತಲೇ ಇರುತ್ತದೆ. ಈಗಿನ್ನೂ ಹನ್ನೊಂದು ಗಂಟೆ. ಫೋನಿನಲ್ಲಿ, ಆ ಕಡೆ ಯಾವುದೋ ಮರದ ಮೇಲೆ ಕಾಗೆ ಕೂಗಿದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು.

"ಮಿಕ್ಸರ್ ಯಾಕೆ ನಿಂತಿದೆ?"

"ಡೀಸೆಲ್ ಹಾಕ್ತಿದೀವಿ," ಎಂದ ಕುಳ್ಳ. ಹಾಗೆನ್ನುವ ಮುಂಚೆ ಅರೆಕ್ಷಣ ತಡೆದಿದ್ದ.

ಆ ಅರೆಕ್ಷಣವೇ ಗುತ್ತಿಗೆದಾರನಿಗೆ ಸಾಕಾಯಿತು. ಎದುರಿಗೆ ಫ್ಲಾಟಿನ ಯಜಮಾನ ಬಚ್ಚಲಿನ ಎರಡು ಟೈಲ್ಸುಗಳನ್ನು ಅಕ್ಕಪಕ್ಕ ಹಿಡಿದು ಯಾವುದು ಸರಿಹೋಗುತ್ತದೆ ಎಂದು ಕೇಳುತ್ತಿದ್ದ. "ಯಾವುದಾದರೂ ಆಗುತ್ತೆ ಸಾರ್," ಎಂದವನೇ ಗುತ್ತಿಗೆದಾರ ಮೆಟ್ಟಿಲಿಳಿದ. ಅಂಥ ಮಾತು ಅವನ ಬಾಯಲ್ಲಿ ಇಷ್ಟು ವರ್ಷದಲ್ಲಿ ಬಂದಿರಲಿಲ್ಲ.

ಸಭಾಂಗಣದ ಕೆಲಸ ನಡೆಯುತ್ತಿದ್ದದ್ದು ಪಟ್ಟಣದ ಇನ್ನೊಂದು ತುದಿಯಲ್ಲಿ, ಹೊಸ ಶಾಲೆಗೆಂದು ಬಿಟ್ಟ ಬಯಲಿನಲ್ಲಿ. ಗಾಡಿಯಲ್ಲಿ ಅರ್ಧ ಗಂಟೆಯ ದಾರಿ. ಅವನು ಮತ್ತೆ ಎರಡು ಸಲ ಫೋನ್ ಮಾಡಿದ. ಕುಳ್ಳ ಎತ್ತಲಿಲ್ಲ.

ಕುಳ್ಳ ಎಂದರೆ ಆರಡಿಯ ಆಳು. ಹತ್ತೊಂಬತ್ತು ವರ್ಷದ ಹಿಂದೆ ಇಬ್ಬರೂ ಒಂದೇ ಮೇಸ್ತ್ರಿಯ ಕೈಕೆಳಗೆ ಇಟ್ಟಿಗೆ ಹೊರುತ್ತಿದ್ದಾಗ, ಬಾಗಿಲಿನ ಚೌಕಟ್ಟಿಗೆ ದಿನಕ್ಕೊಮ್ಮೆಯಾದರೂ ಹಣೆ ಬಡಿಸಿಕೊಳ್ಳುತ್ತಿದ್ದವನಿಗೆ ಆ ಹೆಸರಿಟ್ಟಿದ್ದು ಇವನೇ. ಮುಂದೆ ಇವನು ಸ್ವಂತಕ್ಕೆ ಒಂದು ಮನೆಯ ಕೆಲಸ ಹಿಡಿದಾಗ ಮೊದಲು ಕರೆದದ್ದೂ ಕುಳ್ಳನನ್ನೇ. ಆಗ ಒಂದು ಸಲಕ್ಕೆ ಒಂದೇ ಮನೆ. ಕೈ ಮುಟ್ಟದ ಇಟ್ಟಿಗೆ ಇಲ್ಲ, ಬಗ್ಗಿ ನೋಡದ ಮೂಲೆ ಇಲ್ಲ. ಆಮೇಲೆ ಎರಡಾದವು. ಹೋದ ವರ್ಷದಿಂದ ನಾಲ್ಕು. ಮನೆಯ ಮುಂದಿನ ಕೋಣೆ ಆಫೀಸಾಯಿತು, ಬಾಗಿಲಿಗೆ ಬೋರ್ಡು ಬಂತು, ಹೆಂಡತಿ ಅಡಿಗೆಮನೆಗೂ ಫೋನಿಗೂ ನಡುವೆ ಓಡಾಡತೊಡಗಿದಳು. ಅದೇ ಸುಮಾರಿಗೆ ಒಂದು ದಿನ ಕುಳ್ಳ ಅವನನ್ನು 'ನೀವು' ಎಂದ. ಇವನಿಗೆ ಕೇಳಿಸಿತು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಮಾರನೆಯ ದಿನದಿಂದ ಅದೇ ರೂಢಿಯಾಯಿತು.

"ನಾಲ್ಕು ಕಡೆ ಇರೋಕೆ ನೀವೇನು ಗಾಳೀನಾ?" ಎಂದು ಅಂದು ಬೆಳಿಗ್ಗೆ ಹೆಂಡತಿ ಕೇಳಿದ್ದಳು. ಅವನು ನಕ್ಕಿದ್ದ. ತಾನಿಲ್ಲದ ಕಡೆ ತನ್ನ ಬಾಯಿ ಕೆಲಸ ಮಾಡುತ್ತದೆ ಎಂದು ಅವನಿಗೆ ಭರವಸೆ. ಅವನ ಕೂಗಿಗೆ ಹೆಸರಿತ್ತು. ಫೋನಿನಲ್ಲಿ ಒಮ್ಮೆ ರೇಗಿದರೆ ಆ ಕಡೆ ನಾಲ್ಕು ದಿನ ಕೆಲಸ ಚುರುಕಾಗುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಬಯಲಿಗೆ ತಿರುಗುತ್ತಲೇ ಅವನಿಗೆ ಕಂಡದ್ದು ಸಾಲಾಗಿ ಬೋರಲು ಹಾಕಿದ ಕಾಂಕ್ರೀಟ್ ಬಾಣಲಿಗಳು. ಅವುಗಳಾಚೆ, ಕಟ್ಟಡದಿಂದ ಸಾಕಷ್ಟು ದೂರದಲ್ಲಿ, ಇಪ್ಪತ್ತೆರಡು ಆಳುಗಳು ನಿಂತಿದ್ದರು. ಯಾರೂ ಕೂತಿರಲಿಲ್ಲ. ಒಬ್ಬರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣು ಸಭಾಂಗಣದ ಮೇಲಿತ್ತು. ಮೇಲೆ ಅರ್ಧ ಚಾವಣಿಗೆ ಹಸಿ ಕಾಂಕ್ರೀಟ್ ಬಿದ್ದಿತ್ತು. ಅದು ಗಟ್ಟಿಯಾಗುವವರೆಗೆ ಹಲಗೆಗಳನ್ನು ಕೆಳಗಿನಿಂದ ಹೊತ್ತು ನಿಲ್ಲಬೇಕಾದ ಕಬ್ಬಿಣದ ಕಂಬಗಳು ಒಳಗೆ ಕತ್ತಲಲ್ಲಿ ತೋಪಿನಂತೆ ಕಾಣಬೇಕಿತ್ತು. ತೋಪು ತೆಳ್ಳಗಿತ್ತು. ನಡುವಿನ ಎರಡು ಕಂಬಗಳು ಸೊಂಟದ ಹತ್ತಿರ ಬಿಲ್ಲಿನಂತೆ ಬಾಗಿದ್ದವು.

ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕುಳ್ಳ ಒಳಗೆ ನೋಡುತ್ತಿದ್ದ. ಒಳಗಿನಿಂದ ಸುತ್ತಿಗೆಯ ಸದ್ದು ಬಂತು.

"ಯಾರು ಒಳಗೆ?"

"ಹಲಗೆ ಕಟ್ಟಿದ ಬಡಗಿ," ಎಂದ ಕುಳ್ಳ ತಿರುಗದೆ. "ಅವನ ಹೆಂಡತಿ ಮೇಲೆ ಬಾಣಲಿ ಹೊರ್ತಿದ್ಲು. ಕಾಲಡಿ ಹಲಗೆ ಇಳಿದ ಹಾಗಾಯ್ತು ಅಂದ್ಲು. ಎಲ್ಲರನ್ನೂ ಇಳಿಸ್ದೆ. ಇಳಿಸೋಷ್ಟ್ರಲ್ಲಿ ಇವನು ನುಗ್ಗಿಬಿಟ್ಟ. ಇನ್ನೊಂದು ಕಂಬ ಕೊಟ್ರೆ ನಿಲ್ಲುತ್ತೆ ಅಂತಾನೆ. ನಿಲ್ಲೋಲ್ಲ ಅಂತ ನಂಗೆ ಗೊತ್ತು."

ಮೇಲಿನಿಂದ ಹಲಗೆಯೊಂದು ಕಿರ್ ಎಂದಿತು. ಸಣ್ಣಗೆ, ಬಾಗಿಲು ತೆರೆದಷ್ಟೇ ಸಣ್ಣಗೆ. ಆಳುಗಳ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಒಬ್ಬ ಹೆಂಗಸು ಮಾತ್ರ ಸರಿಯಲಿಲ್ಲ. ಮೊಣಕೈವರೆಗೆ ಸಿಮೆಂಟ್ ಒಣಗಿ ಬೆಳ್ಳಗಾದ ಕೈಗಳನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು.

ಗುತ್ತಿಗೆದಾರ ಅಂಚಿಗೆ ಬಂದ. "ಏ, ಬಾರೋ ಆಚೆ," ಎಂದು ಕೂಗಿದ. ಅದು ಅವನ ಮಾಮೂಲಿ ಕೂಗೇ. ಖಾಲಿ ಸಭಾಂಗಣದಲ್ಲಿ ಅದು ಗೋಡೆಯಿಂದ ಗೋಡೆಗೆ ಬಡಿಯಿತು.

ಒಳಗೆ ಸುತ್ತಿಗೆ ಒಮ್ಮೆ ನಿಂತು, ಆಮೇಲೆ ಮೊದಲಿಗಿಂತ ಜೋರಾಗಿ ಹೊಡೆಯತೊಡಗಿತು. "ಆಯ್ತು ಸಾರ್, ಆಗೋಯ್ತು ಸಾರ್, ಈಗ ಸರಿ ಮಾಡಿಬಿಡ್ತೀನಿ," ಎಂದು ಬಡಗಿಯ ದನಿ ಓಡೋಡಿ ಬಂತು.

"ಹಾಳಾಗಿ ಹೋಗ್ಲಿ, ನೀನು ಬಾ. ನಾನೇನೂ ಅನ್ನೋಲ್ಲ."

"ಇಲ್ಲ ಸಾರ್, ಎರಡೇ ನಿಮಿಷ ಸಾರ್."

ಪ್ರತಿ ಏಟಿಗೂ ಬಾಗಿದ ಕಂಬಗಳು ನಡುಗುವುದು ಕಾಣುತ್ತಿತ್ತು. ಗುತ್ತಿಗೆದಾರ ಒಳಗೆ ನುಗ್ಗಲು ತಲೆ ಬಗ್ಗಿಸಿದ. ಕುಳ್ಳ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ.

"ಸುಮ್ನಿರು," ಎಂದ ಪಿಸುದನಿಯಲ್ಲಿ. "ನಿನ್ನ ದನಿ ಕೇಳಿದಷ್ಟೂ ಅವನು ಬಡೀತಾನೆ. ನೀನು ಬಯ್ತೀಯ ಅಂತಾನೇ ಅವನು ಒಳಗೆ ಹೋಗಿರೋದು. ಅರ್ಥ ಆಗ್ತಾ ಇದೆಯಾ?"

ಕುಳ್ಳ ಅವನ ರಟ್ಟೆ ಬಿಡಲಿಲ್ಲ.

"ಅವನ ಕಣ್ಣಿಗೆ ಬೀಳ್ಬೇಡ. ಹೋಗು. ಆ ಮರಳು ಗುಡ್ಡೆ ಹಿಂದೆ ಹೋಗು. ನಿನ್ನ ಗಾಡಿ ಹೋಯ್ತು ಅಂತ ನಾನು ಹೇಳ್ತೀನಿ."

ತನ್ನದೇ ಕೆಲಸದ ಜಾಗದಲ್ಲಿ, ತನ್ನದೇ ಆಳುಗಳ ಮುಂದೆ, ಗುತ್ತಿಗೆದಾರ ಬೆನ್ನು ತಿರುಗಿಸಿ ನಡೆದ. ಮರಳಿನ ಗುಡ್ಡೆಯ ಹಿಂದೆ ಹೋಗಿ ಕೂತ. ಅಲ್ಲಿಂದ ಕಾಣುತ್ತಿದ್ದದ್ದು ಮರಳು, ಆಕಾಶ ಮತ್ತು ಬಡಗಿಯ ಹೆಂಡತಿಯ ತಲೆಯ ಹಿಂಭಾಗ, ಅಷ್ಟೇ. ಅವಳ ಕುತ್ತಿಗೆಯ ನರ ಬಿಗಿದಿತ್ತು. ಅದನ್ನೇ ನೋಡುತ್ತ ಕೂತ.

ಕುಳ್ಳನ ಮಾತು ಅರ್ಧರ್ಧ ಕೇಳುತ್ತಿತ್ತು. ಯಾವ ಆತುರವೂ ಇಲ್ಲದ, ದಾರಿ ಹೇಳುವವನಂಥ ದನಿ. "ಹೋದ್ರಪ್ಪ, ಹೋದ್ರು. ಸುತ್ತಿಗೆ ಇಳಿಸು. ಇಳಿಸಿದ್ಯಾ? ಹಾಂ. ಎಡಗೈ ಕಡೆ ಕಂಬ ಮುಟ್ಟಬೇಡ. ಬಲಕ್ಕೆ ಬಾ. ತಲೆ ತಗ್ಗಿಸು, ನನ್ನ ಹಾಗೆ ಹಣೆ ಬಡಿಸ್ಕೋಬೇಡ." ಆಮೇಲೆ ಏನೂ ಕೇಳಲಿಲ್ಲ. ಗುತ್ತಿಗೆದಾರ ಮರಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ. ಅದು ಬೆರಳ ಸಂದಿಯಿಂದ ಸೋರಿ ಮುಗಿಯಿತು. ಮತ್ತೆ ಹಿಡಿದ. ಅಷ್ಟರಲ್ಲಿ ಒಂದು ಕಂಬ ಟಣ್ಣೆಂದು ಜಾರಿದ್ದು ಕೇಳಿತು, ಅದರ ಹಿಂದೆಯೇ ಇನ್ನೊಂದು, ಆಮೇಲೆ ನೆಲ ಎದ್ದು ಕೂತ ಹಾಗೆ ಒಂದೇ ಒಂದು ಸದ್ದು. ಬೂದಿಬಣ್ಣದ ಧೂಳು ಗುಡ್ಡೆಯನ್ನು ದಾಟಿ ಅವನ ಮೇಲೆ ಬಂತು.

ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಎದ್ದರೆ ನೋಡಬೇಕಾಗುತ್ತದೆ. ಧೂಳಿನಲ್ಲಿ ಬಡಗಿಯ ಹೆಂಡತಿಯನ್ನು ಹುಡುಕಿದ. ಅವಳು ನಿಂತಲ್ಲಿ ಇರಲಿಲ್ಲ. ಒಂದು ಕೆಮ್ಮು ಕೇಳಿತು. ಆಮೇಲೆ ಅವಳ ದನಿ ಬಂತು, ತಗ್ಗಿದ ಬೈಗುಳ, ನಿಲ್ಲದ ಬೈಗುಳ. ಬದುಕಿರುವವನನ್ನಲ್ಲದೆ ಹಾಗೆ ಯಾರನ್ನೂ ಬೈಯಲಾಗುವುದಿಲ್ಲ. ಆಗ ಗುತ್ತಿಗೆದಾರ ಎದ್ದ.

ಬಡಗಿ ಕುಳ್ಳನ ಕಾಲ ಬುಡದಲ್ಲಿ ಕೂತು ಉಗುಳುತ್ತಿದ್ದ. ಸಭಾಂಗಣದ ನಡುಭಾಗ ನೆಲಕ್ಕೆ ಬಂದಿತ್ತು. ಹಲಗೆ, ಕಂಬಿ, ಹಸಿ ಕಾಂಕ್ರೀಟ್ ಎಲ್ಲ ಒಂದರ ಮೇಲೊಂದು. ಗುತ್ತಿಗೆದಾರನನ್ನು ನೋಡಿದ್ದೇ ಬಡಗಿ ತಡಬಡಿಸಿ ಎದ್ದು, "ತಪ್ಪಾಯ್ತು ಸಾರ್," ಎಂದ.

ಅದನ್ನು ಕೇಳಿ ಅವನಿಗೆ ಬಿದ್ದ ಚಾವಣಿಗಿಂತ ಹೆಚ್ಚು ಭಯವಾಯಿತು.

ಆಳುಗಳಿಗೆಲ್ಲ ಚಹಾ ತರಿಸಿ ಕುಳ್ಳನನ್ನು ಆಚೆ ಕರೆದ. "ಕಂಬ ಇಷ್ಟೇ ಯಾಕೆ?"

"ಅರವತ್ತು ಕಂಬ ಫ್ಲಾಟಿಗೆ ಸಾಗಿಸಿದ್ರಲ್ಲ. ಸಾಲೋಲ್ಲ ಅಂತ ಗುರುವಾರ ಫೋನ್ ಮಾಡಿದ್ದೆ." ಕುಳ್ಳ ಮತ್ತೆ 'ನೀವು'ಗೆ ಮರಳಿದ್ದ. "ಇರೋದ್ರಲ್ಲೇ ಮಾಡು, ತಲೆ ತಿನ್ಬೇಡ ಅಂದು ಇಟ್ಟುಬಿಟ್ರಿ."

"ನಾನಾ?"

"ನೀವೇ."

ಗುರುವಾರವನ್ನು ನೆನಪಿಸಿಕೊಳ್ಳಲು ಅವನು ನೋಡಿದ. ಯಾವುದೋ ಮೆಟ್ಟಿಲು, ಯಾವುದೋ ಫೋನು, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡದ್ದು. ಮಾತು ನೆನಪಾಗಲಿಲ್ಲ. ಆಡಿರುವುದರಲ್ಲಿ ಮಾತ್ರ ಅನುಮಾನ ಉಳಿಯಲಿಲ್ಲ. "ಆಮೇಲೂ ನೀನು ಹೇಳ್ಬಹುದಿತ್ತು. ಇವತ್ತು ಡೀಸೆಲ್ ಅಂದೆ."

"ಮೋಲ್ಡ್ ಹಾಕಬಾರದಿತ್ತು, ಹಾಕ್ದೆ. ತಪ್ಪು ನಂದೂ ಇದೆ," ಎಂದ ಕುಳ್ಳ. ನೆಲ ನೋಡುತ್ತಲೇ ಮುಂದುವರಿಸಿದ, "ನಿಮ್ಮ ಹತ್ರ ಸರಿ ಇಲ್ಲ ಅನ್ನೋದಕ್ಕಿಂತ ಸರಿ ಇದೆ ಅನ್ನೋದು ಸುಲಭ ಅಣ್ಣ. ಎಲ್ಲರಿಗೂ."

ಶಾಲೆಯವರಿಗೆ ಅವನೇ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದ. ಆ ಕಡೆಯವರು, ಎಲ್ಲರೂ ಸೇರಿ ಮಾತಾಡಿ ತಿಳಿಸುತ್ತೇವೆ ಎಂದರು. ಕೆಲಸ ಉಳಿಯುತ್ತದೆಯೋ ಇಲ್ಲವೋ ಅವರ ದನಿಯಿಂದ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅವನ ತಲೆಗೂದಲಲ್ಲಿ ಇನ್ನೂ ಧೂಳಿತ್ತು. ಹೆಂಡತಿ ಮುಂದಿನ ಕೋಣೆಯಲ್ಲಿ ಫೋನಿನ ಪಕ್ಕ ಕೂತಿದ್ದಳು. ಅವನು ಎದುರಿನ ಕುರ್ಚಿಯಲ್ಲಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು ಒಂದೂ ಬಿಡದೆ ಹೇಳಿದ. ಮರಳು ಗುಡ್ಡೆಯದ್ದನ್ನೂ ಹೇಳಿದ. ಅವಳು ಅವನ ಕೈ ಹಿಡಿಯಬಹುದು ಎಂದುಕೊಂಡಿದ್ದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಒಂದು ಹೇಳ್ಲಾ?" ಎಂದಳು ಕೊನೆಗೆ. "ಹೋದ ವರ್ಷ ಕಟ್ಟಿಕೊಟ್ರಲ್ಲ, ಮೂಲೆ ಮನೆ. ಅವರು ಮೂರು ಸಲ ಫೋನ್ ಮಾಡಿದಾರೆ. ಬಚ್ಚಲ ನೀರು ಕೆಳಗಿಳೀತಿದೆಯಂತೆ. ನಾನು ನಿಮ್ಗೆ ಹೇಳ್ಲಿಲ್ಲ."

"ಯಾಕೆ?"

"ಊಟದ ಹೊತ್ತಲ್ಲಿ ಯಾಕೆ ಅಂತ. ಆಮೇಲೆ ಮಲಗೋ ಹೊತ್ತಲ್ಲಿ ಯಾಕೆ ಅಂತ. ಆಮೇಲೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತೀರಲ್ಲ, ಅದಕ್ಕೆ."

ಅವನು ಕಣ್ಣು ಮುಚ್ಚಿದ. ನಾಲ್ಕು ಕಡೆಯ ಕಟ್ಟಡಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪ್ರತಿಯೊಂದರಲ್ಲೂ ಯಾರೋ ಏನನ್ನೋ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತ ಹಾಗೆ ಅನಿಸಿತು. ತಾನು ಕಟ್ಟಿದ್ದು ಎಷ್ಟಿದೆ, ಅದರಲ್ಲಿ ತನಗೆ ಗೊತ್ತಿಲ್ಲದ್ದು ಎಷ್ಟಿದೆ ಎಂದು ಅವನು ಮೊದಲ ಸಲ ಯೋಚಿಸಿದ.

ಮಾರನೆಯ ಬೆಳಿಗ್ಗೆ ಅವನು ಫ್ಲಾಟಿನ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಹೋದ. ಅರವತ್ತು ಕಂಬಗಳನ್ನು ಲಾರಿಗೆ ಏರಿಸಲು ಹೇಳಿ, ಅಲ್ಲಿನ ಹಿರಿಯ ಗಾರೆಯವನನ್ನೂ ಉಳಿದ ಎಂಟು ಜನರನ್ನೂ ಕೆಳಗಿನ ಮೆಟ್ಟಿಲ ಹತ್ತಿರ ಕರೆದ. ಸಭಾಂಗಣದ ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಬೈಗುಳಕ್ಕೆ ಸಿದ್ಧರಾದವರಂತೆ ಅವರು ತಲೆ ತಗ್ಗಿಸಿ ನಿಂತರು.

ಅವನು ಮೆಟ್ಟಿಲ ಮೇಲೆ ಕೂತ. "ಇಲ್ಲಿ ಏನೇನು ಕೆಟ್ಟಿದೆ ಹೇಳಿ," ಎಂದ. "ನಾನು ಕೇಳಿಸ್ಕೊಳ್ಳೋಕೆ ಬಂದಿದೀನಿ."

ಒಬ್ಬ ಕರಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಬ್ಬ ಲಾರಿಯ ಕಡೆ ನೋಡಿದ. ಗುತ್ತಿಗೆದಾರನ ಗಂಟಲಿಗೆ ಹಳೆಯ ಕೂಗು ಬಂದು ನಿಂತಿತು, ಏನ್ರೋ ಬಾಯಿಗೇನು ಬಡಿದಿದೆ ಎಂಬ ಕೂಗು. ಅವನು ಅದನ್ನು ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ.

"ಹಿಂದ್ಗಡೆ ಗೋಡೆ," ಎಂದ ಹಿರಿಯ ಗಾರೆಯವನು ಕೊನೆಗೆ. "ಒಂದ್ಸಲ ನೋಡ್ಬೇಕಿತ್ತು."

ಇಬ್ಬರೂ ಹಿಂದಕ್ಕೆ ಹೋದರು. ಗೋಡೆ ಎರಡಾಳೆತ್ತರ ಎದ್ದಿತ್ತು, ನೆರಳಿನಲ್ಲಿ ಇನ್ನೂ ತೇವವಾಗಿತ್ತು. ಹಿರಿಯ ಏಣಿ ಹತ್ತಿ, ಗೋಡೆ ನೆಟ್ಟಗಿದೆಯೋ ವಾಲಿದೆಯೋ ತೋರಿಸಲು ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಗೋಡೆಯ ತಲೆಯಿಂದ ಕೆಳಗೆ ಬಿಟ್ಟ. ಗುಂಡು ಇಟ್ಟಿಗೆಗೆ ತಾಗದೆ ಅತ್ತಿಂದಿತ್ತ ತೂಗಾಡತೊಡಗಿತು. ಗುತ್ತಿಗೆದಾರ ಅದರ ಮುಂದೆ ಮಂಡಿಯೂರಿ ಕೂತ. ಕೈಯಿಂದ ಹಿಡಿದು ನಿಲ್ಲಿಸಲಿಲ್ಲ. ಮೇಲೆ ಹಿರಿಯ ದಾರ ಹಿಡಿದಿದ್ದ. ಗುಂಡು ತೂಗುತ್ತ, ತೂಗುತ್ತ, ನಿಧಾನವಾಗಿ ಚಿಕ್ಕದಾಗಿ ತೂಗುತ್ತ ಇತ್ತು.