ಇನ್ನೂರು ವರ್ಷ ತಡವಾಗಿ ಬಂದವಳು

ಗೇಟು ತಳ್ಳಿಕೊಂಡು ಒಳಗೆ ಬಂದ ಗುಲಾಬಿಯ ಮೈಮೇಲೆ ಎಲೆಹಸಿರು ರೇಷ್ಮೆ ಸೀರೆ, ತಲೆಯಲ್ಲಿ ಮೊಳದುದ್ದ ಮಲ್ಲಿಗೆ, ಕೈಯಲ್ಲಿ ಬಿಸಿಬಿಸಿ ಗೋಳಿಬಜೆಯ ಡಬ್ಬಿ. "ವಾಸಂತಿ ಅಕ್ಕಾ, ಚಟ್ನಿ ಮಾಡ್ಲಿಕ್ಕೆ ಮಾತ್ರ ಆಗ್ಲಿಲ್ಲ" ಎನ್ನುತ್ತ ನಗುನಗುತ್ತ ಎರಡು ಹೆಜ್ಜೆ ಇಟ್ಟವಳು, ಪೋರ್ಚಿನ ನಡುವೆ ಪೆಟ್ಟಿಗೆಯಲ್ಲಿ ಮಲಗಿದ್ದ ಚಾಮಯ್ಯನವರನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಮೂಗಿಗೆ ಹತ್ತಿ, ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಕಳೆದ ತಿಂಗಳು ಇದೇ ಜಾಗದಲ್ಲಿ ನಿಂತು ಅವಳ ಗೋಳಿಬಜೆಗೆ ನೂರಕ್ಕೆ ನೂರು ಅಂಕ ಕೊಟ್ಟಿದ್ದ ಮನುಷ್ಯ.

"ಯಾವಾಗ?" ಎಂದಳು ಗುಲಾಬಿ.

ಶುಕ್ರವಾರ ಎಂದಳು ಅವರ ಹೆಂಡತಿ ವಾಸಂತಿ. ಸೈಬರ್‌ಜಯಾದ ಆಫೀಸಿನಲ್ಲೇ, ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ. ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

"ನಮ್ಗೆ ಪ್ರೋಗ್ರಾಂ ಅಂತ ಬಂದದ್ದಲ್ವಾ ಅಕ್ಕಾ, ಮೆಸೇಜು."

ಗುಲಾಬಿ ತೋರಿಸಿದ ಫೋನನ್ನು ವಾಸಂತಿ ಹತ್ತಿರ ಹಿಡಿದು ಓದಿದಳು. 'ಅಪ್ಪಾಸ್ ಪ್ರೋಗ್ರಾಂ ಟುಮಾರೊ, ಟೆನ್ ಥರ್ಟಿ. ಪ್ಲೀಸ್ ಕಮ್.' ಕಳಿಸಿದವನು ಮಗ ಕಿರಣ. ಅದರ ಕೆಳಗೆ ಐವತ್ತಕ್ಕೂ ಹೆಚ್ಚು ಹೆಬ್ಬೆರಳು, ಕೆಂಪು ಲಂಗದಲ್ಲಿ ಕುಣಿಯುವ ಹುಡುಗಿಯ ಚಿತ್ರ ಬೇರೆ.

ಎರಡು ದಿನದ ಓಡಾಟದಲ್ಲಿ ಬೆಂಗಳೂರಿಗೆ ಬಿಟ್ಟರೆ ಯಾರಿಗೂ ತಿಳಿಸಲು ಆಗಿರಲಿಲ್ಲ. ಹಿಂದಿನ ಸಂಜೆ ಆಸ್ಪತ್ರೆಯ ಕಾಗದಪತ್ರ ಮುಗಿಸಿ ಕಾರಿನಲ್ಲಿ ಬರುವಾಗ, "ಅಪ್ಪನ ಕಾರ್ಯ ನಾಳೆ ಹತ್ತೂವರೆಗೆ ಅಂತ ಗ್ರೂಪಿಗೆ ಹಾಕಪ್ಪ" ಎಂದಿದ್ದಳು ಅವಳೇ. ಮಲೇಷ್ಯಾದ ಈ ಪುಚೊಂಗಿನಲ್ಲೇ ಬೆಳೆದ ಕಿರಣನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಪ್ಪತ್ತಮೂರು ವರ್ಷದಲ್ಲಿ ಅವನು ಸಾವು ಕಂಡ ಮನೆಯೇ ಇಲ್ಲ; ಕಾರ್ಯವೆಂದರೆ ಏನೆಂದು ಅವನಿಗೆ ಯಾರು ಹೇಳಬೇಕಿತ್ತು? ಅವನಿಗೆ ಗೊತ್ತಿದ್ದದ್ದು ಕಾರ್ಯಕ್ರಮ ಒಂದೇ. ಅಮ್ಮ ಹೇಳಿದ ಪದವನ್ನು ಅಷ್ಟು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ಇಳಿಸಿ ಕಳಿಸಿದ್ದ ಪಾಪದವನು. ಹೇಳಿಕೇಳಿ ತಿಂಗಳ ಮೊದಲ ಭಾನುವಾರ. ಹನ್ನೊಂದು ವರ್ಷದಿಂದ ಈ ಪೋರ್ಚಿನಲ್ಲಿ ಸಂಗೀತ ಕಚೇರಿ ನಡೆಯುವ ದಿನವೇ, ನಡೆಯುವ ಹೊತ್ತೇ. ಯಾರಿಗೆ ತಾನೆ ಅನುಮಾನ ಬರುತ್ತದೆ?

ಅಳು ಬರಬೇಕಾದ ಜಾಗದಲ್ಲಿ ವಾಸಂತಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು, ಸದ್ಯ.

ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಕಾರುಗಳ ಸಾಲು. ಜರಿಯಂಚಿನ ಸೀರೆಯವರು, ಬಾಟಿಕ್ ಅಂಗಿಯವರು, ಹೊಸ ಫ್ರಾಕಿನ ಮಕ್ಕಳು, ಕೈಯಲ್ಲಿ ಹೋಟೆಲಿನಿಂದ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ತಂದ ತಿಂಡಿಯ ಪೊಟ್ಟಣಗಳು. ನಗುತ್ತ ಇಳಿದವರು ಗೇಟಿನ ಹತ್ತಿರ ಬಂದು ತಣ್ಣಗಾಗುತ್ತಿದ್ದರು. ಹೆಂಗಸರು ತಲೆಯ ಮಲ್ಲಿಗೆಯನ್ನು ಕಿತ್ತು ಪರ್ಸಿನೊಳಗೆ ತುರುಕಿಕೊಳ್ಳುತ್ತಿದ್ದರು. ಕಿರಣ ಒಬ್ಬೊಬ್ಬರ ಮುಂದೆಯೂ ತಲೆ ತಗ್ಗಿಸಿ, "ಸಾರಿ ಆಂಟಿ, ಮೈ ಮಿಸ್ಟೇಕ್" ಎನ್ನುತ್ತಿದ್ದ.

ಬೆಳಗಿನ ವಿಮಾನಕ್ಕೆ ಬೆಂಗಳೂರಿನಿಂದ ಬಂದಿಳಿದಿದ್ದ ಮೈದುನ ಗುರುದತ್‌ಗೆ ಇದೆಲ್ಲ ನೋಡಿ ಪಿತ್ತ ನೆತ್ತಿಗೇರಿತು. ಅವನು ಅಣ್ಣನ ತಲೆಯ ಕಡೆ ನಿಂತು ಬಂದವರನ್ನೆಲ್ಲ ಸಾಲಾಗಿ ಕೂರಿಸಿ, ತುಟಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡತೊಡಗಿದ. ಅವನ ಬಾಯಿಂದ ಹೊರಟ ಆ 'ಶ್' ಎಂಬ ಸದ್ದು ವಾಸಂತಿಯ ಬೆನ್ನಿನಲ್ಲಿ ಚುಳ್ ಎಂದಿತು. ಆ ಸದ್ದು ಅವಳಿಗೆ ಹೊಸದಲ್ಲ.

*

ಚಾಮಯ್ಯನವರ ಅಪ್ಪ ಮೈಸೂರಿನಲ್ಲಿ ದರ್ಜಿ. ಇಂಗ್ಲಿಷ್ ಬ್ಯಾಂಡಿನವರಿಗೆ ಕೆಂಪು ಕೋಟು ಹೊಲಿದು ಕೊಡುತ್ತಿದ್ದರು. ಆ ಬ್ಯಾಂಡಿನ ಅಭ್ಯಾಸದ ಕೊಠಡಿಯ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡಿದ್ದೇ ಮಗನ ಸಂಗೀತದ ಪಾಠ. ಒಂದು ವಾದ್ಯ ಮುಟ್ಟಲಿಲ್ಲ, ಒಂದು ಸ್ವರ ಓದಲು ಬಾರದು. ದೊಡ್ಡವನಾಗಿ ಕಲಿತದ್ದು ಏರ್‌ಕಂಡೀಷನಿಂಗ್ ಕೆಲಸ. ಮಲೇಷ್ಯಾಕ್ಕೆ ಬಂದು ಇಪ್ಪತ್ತನಾಲ್ಕು ವರ್ಷ, ಡೇಟಾ ಸೆಂಟರಿನ ಯಂತ್ರಗಳನ್ನು ತಣ್ಣಗೆ ಇಟ್ಟದ್ದೇ ಉದ್ಯೋಗ. ಸಂಬಳದ ಕೆಲಸದ ಬಗ್ಗೆ ಕೇಳಿದರೆ, "ಏನಿಲ್ಲ, ಫ್ರಿಜ್ಜಿನ ಬಾಗಿಲು ಕಾಯ್ತೀನಿ" ಎನ್ನುತ್ತಿದ್ದರು.

ಮದುವೆಯಾಗಿ ಹದಿನಾಲ್ಕನೆಯ ವರ್ಷ, ಅವಳ ಹುಟ್ಟುಹಬ್ಬಕ್ಕೆ, ವಾಸಂತಿಯನ್ನು ಕ್ವಾಲಾಲಂಪುರದ ಒಂದು ದೊಡ್ಡ ಸಭಾಂಗಣಕ್ಕೆ ಕರೆದುಕೊಂಡು ಹೋದರು. ಪಾಶ್ಚಾತ್ಯ ಸಂಗೀತ, ಎಂಬತ್ತು ಜನ ವಾದಕರು. ಇಬ್ಬರಿಗೂ ಅದು ಮೊದಲ ಸಲ. ಮೊದಲ ಭಾಗ ಮುಗಿಯುವಾಗ ಪಿಟೀಲುಗಳೆಲ್ಲ ಒಟ್ಟಿಗೆ ಮೇಲಕ್ಕೆ ಹೋಗಿ ನಿಂತವಲ್ಲ, ವಾಸಂತಿಗೆ ಮೈ ಜುಮ್ಮೆಂದು, ಯೋಚಿಸುವ ಮೊದಲೇ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿಬಿಟ್ಟಳು. ಅಷ್ಟು ದೊಡ್ಡ ಸಭೆಯಲ್ಲಿ ಅವಳೊಬ್ಬಳೇ. ನಾಲ್ಕೂ ಭಾಗ ಮುಗಿಯುವವರೆಗೆ ಯಾರೂ ತಟ್ಟುವಂತಿಲ್ಲ ಎಂದು ಅವಳಿಗೇನು ಗೊತ್ತು? ಮುಂದಿನ ಸಾಲಿನವನೊಬ್ಬ ತಿರುಗಿ, ಅವಳ ಸೀರೆಯನ್ನೂ ಮುಖವನ್ನೂ ನೋಡಿ, 'ಶ್' ಎಂದ. ಪಕ್ಕದವರು ನಕ್ಕರು.

ಉಳಿದ ಮೂರು ಭಾಗ ಅವಳು ಕೇಳಿದ್ದು ಹೆಂಗಸರ ಶೌಚಾಲಯದ ಸ್ಪೀಕರಿನಲ್ಲಿ. ಇನ್ನು ಜನ್ಮದಲ್ಲಿ ಇಂಥ ಕಡೆ ಕಾಲಿಡುವುದಿಲ್ಲ ಎಂದು ಕಾರಿನಲ್ಲಿ ಕುಳಿತು ಅತ್ತಳು.

ಮೂರು ವಾರ ಬಿಟ್ಟು ಒಂದು ಬೆಳಗ್ಗೆ, ಅವಳು ದೋಸೆ ಹುಯ್ಯುತ್ತಿದ್ದಾಗ, ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ಹಿಡಿದು ಒಲೆಯ ಪಕ್ಕ ಬಂದು ನಿಂತರು. ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಹೇಳುವುದು. ಇನ್ನೂರು ವರ್ಷದ ಹಿಂದೆ ವಿಯೆನ್ನಾದಲ್ಲಿ, ಲಂಡನ್ನಿನಲ್ಲಿ, ಅದುವರೆಗೆ ಶ್ರೀಮಂತರ ಮನೆಯೊಳಗಿದ್ದ ಸಂಗೀತ ಆಗ ತಾನೇ ಹೊರಗೆ ಬಂದಿತ್ತಂತೆ. ಟಿಕೆಟು ಕೊಂಡವರು ಯಾರಾದರೂ ಸರಿ, ಹೋಗಿ ಕೂರಬಹುದು. ಒಂದು ಭಾಗ ಮುಗಿದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಿದ್ದರಂತೆ. ತೀರಾ ಹಿಡಿಸಿದರೆ ಅದೇ ಭಾಗವನ್ನು ಮತ್ತೆ ನುಡಿಸುವವರೆಗೆ ಬಿಡುತ್ತಿರಲಿಲ್ಲವಂತೆ. ಬರೆದವರಿಗೂ ನುಡಿಸಿದವರಿಗೂ ಅದೇ ಸಂತೋಷವಂತೆ. ಈ ಬಾಯಿ ಮುಚ್ಚಿಕೊಂಡು ಕೂರುವ ಮಡಿ ಬಂದದ್ದೆಲ್ಲ ಆಮೇಲೆ.

ಪುಸ್ತಕ ಮುಚ್ಚಿ ಚಾಮಯ್ಯ ಹೇಳಿದರು: "ನೀನು ತಪ್ಪು ಮಾಡಿಲ್ಲ ಕಣೇ. ಇನ್ನೂರು ವರ್ಷ ತಡವಾಗಿ ಹೋದೆ, ಅಷ್ಟೆ."

ಕಾವಲಿಯ ಮೇಲೆ ದೋಸೆ ಸೀದು ಹೋಯಿತು.

*

ನಝೀರ್ ಸಾಹೇಬರು ಬಂದದ್ದು ಹತ್ತೂಮುಕ್ಕಾಲಿಗೆ. ಹುಬ್ಬಳ್ಳಿಯ ಕಡೆಯ ಎಂಜಿನಿಯರು, ಪೋರ್ಚಿನ ಕಚೇರಿಯಲ್ಲಿ ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸುವವರು. ಅವರ ಮಗಳು ಫರೀಹಾ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಪಿಟೀಲು ಹಿಡಿದು ತಿಂಗಳಿಗೊಮ್ಮೆ ಎರಡು ಗಂಟೆ ಕಾರು ಓಡಿಸಿಕೊಂಡು ಬರುವವಳು. ಅವರ ಹಿಂದೆ, ಶಾಲೆಯಲ್ಲಿ ಸಂಗೀತ ಕಲಿಸುವ ಇಬ್ಬರು ಚೀನೀ ಮೇಷ್ಟ್ರುಗಳು. ನಾಲ್ವರೂ ಕಪ್ಪು ಬಟ್ಟೆಯಲ್ಲಿದ್ದದ್ದರಿಂದ ಗುರುದತ್ ಮೊದಲು ಅವರನ್ನು ಬಹಳ ಗೌರವದಿಂದಲೇ ಬರಮಾಡಿಕೊಂಡ. ಬೆನ್ನಮೇಲಿನ ವಾದ್ಯದ ಪೆಟ್ಟಿಗೆಗಳು ಕಂಡಮೇಲೆ ಮುಖ ಗಂಟಿಕ್ಕಿಕೊಂಡಿತು.

ಚಾಮಯ್ಯನವರ ಕಾಲಬಳಿ ನಝೀರ್ ಬೆನ್ನಿನ ಚೆಲ್ಲೊ ಇಳಿಸಿ ನಿಂತರು. ಕಣ್ಣೊರೆಸಿಕೊಂಡು ವಾಸಂತಿಯ ಹತ್ತಿರ ಬಂದರು. "ಅಕ್ಕಾರ, ನಮಗ ಏನೂ ಗೊತ್ತಿರಲಿಲ್ರಿ. ನೀವು ಹೊಳ್ಳಿ ಹೋಗ್ರಿ ಅಂದ್ರ ಹೋಗ್ತೀವಿ. ಬಾರಿಸ್ರಿ ಅಂದ್ರ ಬಾರಿಸ್ತೀವಿ."

ವಾಸಂತಿ ಬಾಯಿ ತೆರೆಯುವ ಮೊದಲೇ ಗುರುದತ್ ನಡುವೆ ಬಂದ. ಹನ್ನೊಂದೂವರೆಗೆ ವ್ಯಾನು, ಹನ್ನೆರಡು ಗಂಟೆಗೆ ಚಿತಾಗಾರ; ಪುರೋಹಿತರು ಇನ್ನೇನು ಬಂದುಬಿಡುತ್ತಾರೆ. ಅಣ್ಣನನ್ನು ಗಂಭೀರವಾಗಿ ಕಳಿಸಿಕೊಡೋಣ ಎಂಬುದು ಅವನ ವಾದ. ಅವನದ್ದೂ ತಪ್ಪಲ್ಲ, ಅಣ್ಣನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದವನು. "ಅತ್ತಿಗೆ, ಹೆಣ ಮುಂದಿಟ್ಕೊಂಡು ಕಚೇರಿ ಮಾಡಿದ್ರು ಅಂದ್ರೆ ನಾಲ್ಕು ಜನ ಏನಂತಾರೆ?"

"ಮಾವ ಹೋದಾಗ ಬ್ಯಾಂಡಿನವರು ಬಂದಿರಲಿಲ್ವಾ ಗುರು?" ಎಂದಳು ವಾಸಂತಿ. "ಮಾವ ಹೊಲಿದ ಕೋಟೇ ಹಾಕ್ಕೊಂಡು, ಸ್ಮಶಾನದ ತನಕ ನುಡಿಸಿಕೊಂಡು ಹೋದ್ರು. ನೀವೇ ಹೇಳಿ ಹೇಳಿ ಅಳ್ತಿದ್ರಿ."

ಅದು ಬೇರೆ ಎಂದ ಗುರುದತ್. ಅಣ್ಣನ ಕೊರಳ ಹಾರವನ್ನು ಸರಿಪಡಿಸತೊಡಗಿದ.

ವಾಸಂತಿಯ ಮನಸ್ಸಿನಲ್ಲಿ ಇದ್ದದ್ದು ಒಂದೇ. ಈ ಮನುಷ್ಯ ಹನ್ನೊಂದು ವರ್ಷ ಯಾರ ಬಾಯಿಯನ್ನೂ ಮುಚ್ಚಿಸಿದವರಲ್ಲ. ಇವರನ್ನು 'ಶ್' ಎನ್ನುತ್ತ ಕಳಿಸಿಕೊಟ್ಟರೆ ಆ ಹನ್ನೊಂದು ವರ್ಷ ಬರೀ ತಮಾಷೆಯಾಗಿಬಿಡುತ್ತದೆ. ಅಷ್ಟಂತೂ ಆಗಬಾರದು.

"ಬಾರಿಸಿ ಸಾಹೇಬ್ರೇ," ಎಂದಳು. ಗುಲಾಬಿಯ ಕಡೆ ತಿರುಗಿ, ಮಲ್ಲಿಗೆ ಮುಡಿದುಕೋ ಎಂದಳು. ಕುರ್ಚಿಗಳನ್ನು ಸಾಲಿನಿಂದ ತೆಗೆಸಿ ಪೆಟ್ಟಿಗೆಯ ಸುತ್ತ ಹಾಕಿಸಿದಳು.

*

ಸುತ್ತ ಹಾಕುವುದು, ಆ ಪುಸ್ತಕ ಓದಿದ ಮೇಲೆ ಈ ಕಚೇರಿ ಶುರುಮಾಡಿದ ಚಾಮಯ್ಯನವರ ಕ್ರಮ. ಸಾಲು ಹಾಕಿದರೆ ಮೊದಲಿನವರು, ಕೊನೆಯವರು ಎಂದಾಗುತ್ತದೆ ಎನ್ನುತ್ತಿದ್ದರು. ಶನಿವಾರವೇ ಕಾರನ್ನು ರಸ್ತೆಗೆ ಹಾಕಿ, ಪೋರ್ಚಿನ ಎಣ್ಣೆ ಕಲೆ ಉಜ್ಜಿ, ಭಾನುವಾರ ಬೆಳಗ್ಗೆ ಗೇಟನ್ನು ಪೂರ್ತಿ ತೆರೆದು ಇಟ್ಟಿಗೆ ಕೊಟ್ಟು ನಿಲ್ಲಿಸುತ್ತಿದ್ದರು. ಕರೆದವರು ಬರುತ್ತಿದ್ದರು, ಕರೆಯದವರೂ ಬರುತ್ತಿದ್ದರು. ಹೂ ಮಾರುವ ತಮಿಳು ಅಜ್ಜಿ, ಗಾರ್ಡ್ ಕೆಲಸದ ನೇಪಾಳಿಗಳು, ಎಲ್‌ಆರ್‌ಟಿ ರೈಲಿನ ಸ್ಟೇಷನ್ನಿನಿಂದ ಮನೆಗೆ ಹೋಗುತ್ತ ಸದ್ದು ಕೇಳಿ ನಿಂತವರು. ಚಾಮಯ್ಯ ಎದ್ದು ನಿಂತು ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಇನ್ನೂರು ವರ್ಷದ ಹಿಂದಿನ ನಿಯಮ ಸಾರುತ್ತಿದ್ದರು: ಇಷ್ಟವಾದಾಗ ತಟ್ಟಿ, ಬಹಳ ಇಷ್ಟವಾದರೆ ಮತ್ತೊಮ್ಮೆ ಕೇಳಿ, ಇಷ್ಟವಾಗದಿದ್ದರೆ ಬೋಂಡಾ ತಿನ್ನಿ.

ನಗರದ ಸಂಗೀತಗಾರರೊಬ್ಬರು ಒಮ್ಮೆ ಬಂದು ನೋಡಿ, "ಇದು ಮಮಕ್ ಕಾನ್ಸರ್ಟ್ ಲಾ" ಎಂದು ನಕ್ಕು ಹೋದರು. ಬೀದಿಬದಿಯ ಮಮಕ್ ಅಂಗಡಿಗೆ ಹೋಲಿಸಿದ್ದಕ್ಕೆ ವಾಸಂತಿ ಉರಿದುಬಿದ್ದಳು. ಚಾಮಯ್ಯನವರಿಗೋ ಖುಷಿಯೋ ಖುಷಿ. ಮಮಕ್ ಅಂದರೆ ಯಾರು ಬೇಕಾದರೂ ಕೂರುವ ಜಾಗ ತಾನೆ, ಅದಕ್ಕಿಂತ ಇನ್ನೇನು ಬೇಕು ಎಂದರು. ಎಂಥಾ ಮನುಷ್ಯ ಇವರು ಎಂದು ಅವಳಿಗೆ ಆ ದಿನ ಹೆಮ್ಮೆಯಾಯಿತು, ಹೇಳಲಿಲ್ಲ.

ಪ್ರತಿ ಭಾಗ ಮುಗಿದಾಗಲೂ ಮೊದಲ ಚಪ್ಪಾಳೆ ಅವರದ್ದೇ. ಹಿಂದೆಯೇ ಇಡೀ ಪೋರ್ಚು ಗುಡುಗುತ್ತಿತ್ತು. ತಟ್ಟದವಳು ವಾಸಂತಿ ಒಬ್ಬಳೇ. ಯಾರೂ ಗಮನಿಸಿರಲಿಲ್ಲ, ಯಾಕೆಂದರೆ ಅವಳ ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು. ಸೌಟು, ತಟ್ಟೆ, ಕಾಫಿಯ ಟ್ರೇ. ಚಾಮಯ್ಯನವರಿಗೆ ಮಾತ್ರ ಗೊತ್ತಿತ್ತು. ಕೆಲವೊಮ್ಮೆ ಎದ್ದು ಬಂದು ಅವಳ ಕೈಯಿಂದ ಟ್ರೇಯನ್ನು ಮೆಲ್ಲಗೆ ತೆಗೆದುಕೊಳ್ಳುತ್ತಿದ್ದರು. ಅವಳು ಒಳಗೆ ಹೋಗಿ ಇನ್ನೊಂದು ತರುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವರು 'ತಟ್ಟು' ಎಂದು ಬಾಯಿಬಿಟ್ಟು ಕೇಳಲಿಲ್ಲ.

*

ಫರೀಹಾ ಪಿಟೀಲನ್ನು ಗಲ್ಲಕ್ಕೆ ಕೊಟ್ಟು ಅಪ್ಪನ ಕಡೆ ನೋಡಿದಳು. ನುಡಿಸಿದ್ದು ಈ ತಿಂಗಳಿಗೆ ಅಂತ ಚಾಮಯ್ಯನವರೇ ಆರಿಸಿದ್ದ ಕೃತಿ. ಶೋಕದ್ದೇನಲ್ಲ, ಓಡಿಯಾಡುವ ಕರುವಿನಂಥ ಸಂಗೀತ. ಪುರೋಹಿತರು ಬಂದವರು ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತರು. ಹತ್ತಿರದ ಮೇಲ್ಸೇತುವೆಯ ಮೇಲೆ ಒಂದು ರೈಲು ಹಾದುಹೋಯಿತು. ಚೆಲ್ಲೊ ನುಡಿಸುತ್ತಿದ್ದ ನಝೀರರ ಗಡ್ಡದಲ್ಲಿ ಕಣ್ಣೀರು ಇಳಿಯುತ್ತಿತ್ತು, ಬಿಲ್ಲು ಮಾತ್ರ ತಪ್ಪಲಿಲ್ಲ. ಮೊದಲ ಭಾಗದ ಕೊನೆಗೆ ನಾಲ್ಕೂ ವಾದ್ಯ ಒಟ್ಟಿಗೆ ಏರಿ, ನಿಂತವು.

ಯಾರೂ ತಟ್ಟಲಿಲ್ಲ.

ಬಿಲ್ಲುಗಳು ಗಾಳಿಯಲ್ಲೇ ಇದ್ದವು. ಎಂಬತ್ತು ಜನ ತಲೆ ತಗ್ಗಿಸಿ ಕುಳಿತಿದ್ದರು. ಸಾವಿನ ಮನೆ, ತಟ್ಟುವುದಾದರೂ ಹೇಗೆ? ಮೊದಲು ತಟ್ಟಬೇಕಾದವರು ಪೆಟ್ಟಿಗೆಯಲ್ಲಿದ್ದರು. ನಝೀರ್ ಅಭ್ಯಾಸಬಲದಿಂದ ಅವರ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದರು. ಆ ದೊಡ್ಡ ಸಭಾಂಗಣದ ಮೌನ ಹುಡುಕಿಕೊಂಡು ಪುಚೊಂಗಿನ ಪೋರ್ಚಿಗೇ ಬಂದು ಕುಳಿತ ಹಾಗಾಯಿತು.

ವಾಸಂತಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದಷ್ಟು ಸಿಟ್ಟು. ಇವತ್ತು ಯಾರೂ ಅವಳಿಗೆ ಕೆಲಸ ಕೊಟ್ಟಿರಲಿಲ್ಲ. ಬೆಳಗಿನಿಂದ ಎರಡೂ ಕೈ ಖಾಲಿ. ಅವಳು ಕೈ ಎತ್ತಿದಳು, ಒಂದು ಸಲ ತಟ್ಟಿದಳು. ಆ ಸದ್ದಿಗೆ ಅವಳೇ ಬೆಚ್ಚಿದಳು. ಮತ್ತೆ ತಟ್ಟಿದಳು. ಬಳೆಗಳು ಸರಿದು ಮೊಣಕೈಗೆ ಹೋದವು. ಗುರುದತ್ ತಿರುಗಿ ನೋಡಿದ. ಅವಳು ಅವನನ್ನೇ ನೋಡುತ್ತ, ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ತಟ್ಟಿದಳು. ಕಿರಣ ಶುರುಮಾಡಿದ, ಗುಲಾಬಿ ಶುರುಮಾಡಿದಳು, ಮಕ್ಕಳು, ಹೂವಿನಜ್ಜಿ, ಆಮೇಲೆ ಯಾರು ಮೊದಲು ಯಾರು ಕೊನೆ ಎನ್ನುವಂತಿರಲಿಲ್ಲ. ಗುರುದತ್ ತಲೆ ತಗ್ಗಿಸಿ ಅಣ್ಣನ ಪೆಟ್ಟಿಗೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಿಕ್ಕಿದ.

ಸದ್ದು ಇಳಿದಾಗ ನಝೀರ್ ಎರಡನೆಯ ಭಾಗಕ್ಕೆ ಹಾಳೆ ಮಗುಚುವುದರಲ್ಲಿದ್ದರು.

"ಮುಂದಕ್ಕೆ ಹೋಗಬೇಡಿ ಸಾಹೇಬ್ರೇ," ಎಂದಳು ವಾಸಂತಿ. "ಅದನ್ನೇ ಇನ್ನೊಂದು ಸಲ."

"ಮೊದಲಿಂದೇನ್ರಿ?"

"ಹೂಂ. ಮೊದಲಿಂದ."

ಬಿಲ್ಲುಗಳು ಎದ್ದವು. ಅದೇ ಹೊತ್ತಿಗೆ ರಸ್ತೆಯಲ್ಲಿ ವ್ಯಾನು ಬಂದು ನಿಂತಿತು. ಬೂದು ಬಣ್ಣದ ಅಂಗಿ ತೊಟ್ಟ ಚಾಲಕ ಗೇಟಿನೊಳಗೆ ಬಂದು, ಯಾರನ್ನು ಕೇಳುವುದೆಂದು ನೋಡಿ, ವಾಸಂತಿಯ ಹತ್ತಿರ ಬಗ್ಗಿ ಹೊತ್ತಾಯಿತಮ್ಮಾ ಎಂದು ತಮಿಳಿನಲ್ಲಿ ಪಿಸುಗುಟ್ಟಿದ. ಅವಳು ಪಕ್ಕದಲ್ಲಿ ಖಾಲಿ ಇದ್ದ ಕುರ್ಚಿ ತೋರಿಸಿದಳು. ನನಗಾ ಎನ್ನುವಂತೆ ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಅವಳು ತಲೆಯಾಡಿಸಿದಳು. ಅವನು ರಸ್ತೆಗೆ ಹೋಗಿ ಇಂಜಿನ್ ಆರಿಸಿ ಬಂದು, ಗೇಟಿನ ಬಳಿ ಚಪ್ಪಲಿ ಬಿಟ್ಟು, ವ್ಯಾನಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಲ್ಲಿ ಕುಳಿತ.